ಬಿಳಿ ಬೆಟ್ಟದಿಂದ ಲಿಬಿಯನ್ ಕಡಲಿಗೆ

ಬಸ್ಸಿನಿಂದ ಇಳಿದೊಡನೆ ಚಳಿ ಕಿವಿ ಹಿಡಿಯುತ್ತದೆ. ಮೇ ತಿಂಗಳ ಕೊನೆ. ಮೆಡಿಟರೇನಿಯನ್ನಿನ ಬಿಸಿಲ ದ್ವೀಪ ಕ್ರೀಟ್‌ಗೆಂದು ಹತ್ತಿಯ ಅಂಗಿ, ಅಗಲ ಅಂಚಿನ ಟೋಪಿ ಎಲ್ಲ ಹೊಂದಿಸಿಕೊಂಡು ಬಂದಿದ್ದೀರಿ. ಆದರೆ ಬೆಳಗಿನ ಏಳು ಗಂಟೆಗೆ ಓಮಾಲೋಸ್ ಬಯಲಿನ ಅಂಚಿನಲ್ಲಿ, ಕಡಲಮಟ್ಟದಿಂದ 1,200 ಮೀಟರ್‌ಗೂ ಎತ್ತರದಲ್ಲಿ, ಉಸಿರು ಹಬೆಯಾಗಿ ಹೊರಬೀಳುತ್ತಿದೆ. ಅಕ್ಕ ಶಾಲನ್ನು ತಲೆಗೆ ಸುತ್ತಿಕೊಂಡು, ಕಲ್ಲಿನ ಮೇಲೆ ಕೂತು, ಬೂಟಿನ ದಾರ ಬಿಗಿಯುತ್ತಿದ್ದಾಳೆ. ಹಿಮ್ಮಡಿಯ ಹತ್ತಿರ ಸಡಿಲ, ಬೆರಳಿನ ಕಡೆ ಬಿಗಿ. ಅವಳ ಬೆರಳುಗಳು ಕೆಂಪಾಗಿವೆ.

ಕಟಕಟೆಯ ಬಳಿ ಹೋಗಿ ಬಗ್ಗಿ ನೋಡಿ. ಕೆಳಗೆ ನೆಲವೇ ಇಲ್ಲ. ಪೈನ್ ಮರಗಳ ತುದಿಗಳು, ಅವುಗಳ ಕೆಳಗೆ ಇನ್ನಷ್ಟು ತುದಿಗಳು, ಆಮೇಲೆ ನೀಲಿ ನೆರಳು. ಎದುರಿಗೆ ಗಿಗಿಲೋಸ್ ಬೆಟ್ಟದ ಬೂದು ಬಂಡೆ ನೇರವಾಗಿ ಎದ್ದು ನಿಂತಿದೆ. 2,000 ಮೀಟರ್ ದಾಟಿದ ಅದರ ನೆತ್ತಿಗೆ ಆಗಷ್ಟೇ ಬಿಸಿಲು ತಾಗಿದೆ. ಇದು ಕ್ಸಿಲೋಸ್ಕಾಲೋ. ಹಿಂದೆ ಮರದ ದಿಮ್ಮಿಗಳನ್ನು ಜೋಡಿಸಿ ಮಾಡಿದ್ದ ಏಣಿದಾರಿ, ಈಗ ಕಲ್ಲಿನ ಮೆಟ್ಟಿಲು ಮತ್ತು ಮರದ ಕೈಗಂಬಿ. ಇಲ್ಲಿಂದ ಲಿಬಿಯನ್ ಕಡಲಿನ ದಡಕ್ಕೆ 16 ಕಿಲೋಮೀಟರ್, ಬರೀ ಇಳಿಜಾರು. ನಡುವೆ ಸಮಾರಿಯಾ ಕಮರಿ.

ಬಾಗಿಲಲ್ಲಿ ನಿಂತ ಅರಣ್ಯ ಕಾವಲುಗಾರ ನಿಮ್ಮ ಬೂಟು ನೋಡುತ್ತಾನೆ, ಆಮೇಲೆ ಅಕ್ಕನ ಬೂಟು. "ಸಿಗಾ, ಸಿಗಾ" ಎನ್ನುತ್ತಾನೆ, ಅಂಗೈಯನ್ನು ನೆಲದ ಕಡೆ ಮೆಲ್ಲಗೆ ಒತ್ತಿ ತೋರಿಸುತ್ತ. ನಿಧಾನ, ನಿಧಾನ. ಟಿಕೆಟ್ ಬಿಸಾಡಬೇಡಿ, ಆ ತುದಿಯಲ್ಲಿ ಕೇಳುತ್ತಾರೆ. ಇಲ್ಲಿ ಒಳಹೋದವರು ಅಲ್ಲಿ ಹೊರಬಂದರೋ ಇಲ್ಲವೋ ಎಂದು ಲೆಕ್ಕ ಇಡುವ ಜಾಗ ಇದು.

ಮೊದಲ ಮೆಟ್ಟಿಲು. ಎರಡನೆಯದು. ಇಳಿಯುವುದು ಸುಲಭ ಎನ್ನಿಸುತ್ತದೆ, ಉಸಿರು ಏರುವುದೇ ಇಲ್ಲವಲ್ಲ. ಕಾಲು ತಾನಾಗಿ ಓಡುತ್ತದೆ, ನಿಮ್ಮ ಭಾರವೇ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಆದರೆ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ಸಣ್ಣ ಪೆಟ್ಟು ಬೀಳುತ್ತಿದೆ, ತೊಡೆಯ ಮುಂಭಾಗ ಬ್ರೇಕು ಹಾಕುತ್ತಲೇ ಇದೆ. ಮೆಟ್ಟಿಲಿನ ಕಲ್ಲುಗಳು ಲಕ್ಷಾಂತರ ಬೂಟುಗಳು ಉಜ್ಜಿ ನುಣುಪಾಗಿವೆ. ಅವುಗಳ ಮೇಲೆ ಉದುರಿದ ಪೈನ್ ಎಲೆ, ಎಲೆಯ ಮೇಲೆ ಇಬ್ಬನಿ. ಊರುಗೋಲನ್ನು ಮೊದಲು ಊರಬೇಕು, ಆಮೇಲೆ ಕಾಲು. ಕಾಲನ್ನು ಕಲ್ಲಿನ ನೆತ್ತಿಯ ಮೇಲೆ ಇಡುವುದೋ, ಎರಡು ಕಲ್ಲಿನ ನಡುವಿನ ಮಣ್ಣಿನಲ್ಲಿಡುವುದೋ? ಇಂಥ ತೀರ್ಮಾನಗಳು ನಿಮಿಷಕ್ಕೆ ಇಪ್ಪತ್ತು ಮೂವತ್ತು. ಮಾತು ತಾನಾಗಿ ನಿಂತುಹೋಗುತ್ತದೆ.

"ಅಕ್ಕ, ಮಂಡಿ ಹೇಗಿದೆ?"

"ಮಂಡಿ ಅದರ ಪಾಡಿಗದು ಇದೆ. ನೀನು ನಿನ್ನ ಕಾಲು ನೋಡ್ಕೊಂಡು ನಡಿ."

ಮೊದಲ ನಾಲ್ಕು ಕಿಲೋಮೀಟರಿನಲ್ಲೇ ಹೆಚ್ಚುಕಮ್ಮಿ ಅರ್ಧ ಎತ್ತರ ಕಳೆದುಹೋಗುತ್ತದೆ. ಗಾಳಿ ಬೆಚ್ಚಗಾಗುತ್ತದೆ. ಶಾಲು ಬ್ಯಾಗಿಗೆ, ಸ್ವೆಟರ್ ಬ್ಯಾಗಿಗೆ. ಪೈನ್ ಮರದ ಅಂಟು ಬಿಸಿಲಿಗೆ ಕರಗಿ ಸಿಹಿಯಾದ ಘಮ ಬಿಡುತ್ತಿದೆ. ಅದನ್ನು ಸೀಳಿಕೊಂಡು ಇದ್ದಕ್ಕಿದ್ದಂತೆ ಸತ್ತ ಪ್ರಾಣಿಯ ನಾತ ಮೂಗಿಗೆ ಬಡಿಯುತ್ತದೆ. ಯಾವುದೋ ಮೇಕೆ ಕಮರಿಗೆ ಬಿದ್ದಿರಬೇಕೆಂದು ಪೊದೆಯತ್ತ ಕಣ್ಣು ಹಾಯಿಸುತ್ತೀರಿ. ಅಲ್ಲಿರುವುದು ಹೂವು. ಮೊಳದುದ್ದದ ಕಡು ನೇರಳೆ ಎಸಳು, ನಡುವೆ ಕಪ್ಪನೆಯ ಕೋಲು, ಅದರ ಬುಡದಲ್ಲಿ ನೊಣಗಳ ಗುಂಯ್ ಸದ್ದು. ನಮ್ಮ ಸುವರ್ಣಗಡ್ಡೆಯ ಕುಟುಂಬದ್ದೇ ಗಿಡ ಇದು, ಕೊಳೆತ ಮಾಂಸದ ವಾಸನೆ ಬೀರಿ ನೊಣ ಕರೆಯುವ ಉಪಾಯವೂ ಅದೇ. ಅಕ್ಕ ಸೆರಗಿಲ್ಲದ ಅಂಗಿಯ ತೋಳನ್ನೇ ಮೂಗಿಗೆ ಒತ್ತಿಕೊಂಡು ಅದನ್ನು ಬಗ್ಗಿ ಬಗ್ಗಿ ನೋಡುತ್ತಾಳೆ.

ನಲ್ಲಿ ಕಂಡಲ್ಲೆಲ್ಲ ನಿಲ್ಲಿ. ಬೆಟ್ಟದ ಒಸರನ್ನು ಕಲ್ಲುತೊಟ್ಟಿಗೆ ತಿರುಗಿಸಿ ಇಟ್ಟಿದ್ದಾರೆ. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದೆ. ಗಂಟಲಿನಿಂದ ಹೊಟ್ಟೆಯವರೆಗೆ ಅದು ಇಳಿಯುವ ದಾರಿಯೇ ಗೊತ್ತಾಗುತ್ತದೆ. ಈ ಕಮರಿಯಲ್ಲಿ ನೀರಿಗೆ ಕೊರತೆಯಿಲ್ಲ. ಅದೊಂದೇ ಕಾರಣಕ್ಕೆ, ಇಷ್ಟು ಕಡಿದಾದ ದಾರಿಯಲ್ಲೂ ಅರುವತ್ತು ದಾಟಿದವರು, ಹತ್ತು ವರ್ಷದ ಮಕ್ಕಳು ನಿಮ್ಮ ಜೊತೆ ನಡೆಯುತ್ತಿದ್ದಾರೆ. ಬಾಟಲಿ ತುಂಬಿ, ಕುಡಿದು ಖಾಲಿ ಮಾಡಿ, ಮತ್ತೆ ತುಂಬಿ.

ಅರ್ಧ ದಾರಿಯಲ್ಲಿ ಸಮಾರಿಯಾ ಹಳ್ಳಿ. ಕಲ್ಲಿನ ಮನೆಗಳು, ಕೆಲವಕ್ಕೆ ಸೂರು ಇದೆ, ಕೆಲವಕ್ಕೆ ಬರೀ ಗೋಡೆ. 1962ರಲ್ಲಿ ಕಮರಿಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದಾಗ ಇಲ್ಲಿದ್ದ ಕುಟುಂಬಗಳು ಜಾಗ ಖಾಲಿ ಮಾಡಬೇಕಾಯಿತು. ಅವರು ನೆಟ್ಟ ಆಲಿವ್ ಮರಗಳು ಮಾತ್ರ ಇಲ್ಲೇ ಉಳಿದವು. ಹಿಪ್ಪುನೇರಳೆಯ ನೆರಳಿನಲ್ಲಿ ಬೆಂಚು, ಬೆಂಚಿನ ಮೇಲೆ ನಿಮ್ಮ ಬುತ್ತಿ: ಗಟ್ಟಿ ಬ್ರೆಡ್ಡು, ಟೊಮೇಟೊ, ಮೇಕೆ ಹಾಲಿನ ಚೀಸು. ಕ್ರಿ-ಕ್ರಿ ಎಂಬ ಇಲ್ಲಿನ ಕಾಡುಮೇಕೆ ಹಿಂದೆ ಬಂದು ನಿಂತು ನಿಮ್ಮ ಮೊಣಕೈಗೆ ಬಿಸಿ ಉಸಿರು ಬಿಡುತ್ತದೆ. ಈ ತಳಿಯನ್ನು ಉಳಿಸಿಕೊಳ್ಳುವುದೂ ಉದ್ಯಾನದ ಉದ್ದೇಶಗಳಲ್ಲಿ ಒಂದು. ಅದರ ಕಣ್ಣಪಾಪೆ ಅಡ್ಡಡ್ಡ ಗೀರು, ಕೊಂಬಿನ ಮೇಲೆ ಉಂಗುರ ಉಂಗುರವಾಗಿ ವರ್ಷಗಳ ಗುರುತು. ಏನೂ ಕೊಡಬೇಡಿ. ಒಂದಿಷ್ಟು ದೂರದಲ್ಲಿ ಹೇಸರಗತ್ತೆಗಳನ್ನು ಕಟ್ಟಿದ್ದಾರೆ. ಕಾಲು ಉಳುಕಿದವರನ್ನು, ಕುಸಿದವರನ್ನು ಹೊತ್ತು ಒಯ್ಯಲು ಇಲ್ಲಿ ಅವುಗಳನ್ನೇ ನೆಚ್ಚಬೇಕು. ಅಕ್ಕ ಅವುಗಳನ್ನು ನೋಡಿ, ನಿಮ್ಮನ್ನು ನೋಡಿ, ಎದ್ದು ಬ್ಯಾಗು ಹೆಗಲಿಗೇರಿಸುತ್ತಾಳೆ.

ಹಳ್ಳಿ ದಾಟಿದ ಮೇಲೆ ಗೋಡೆಗಳು ಹತ್ತಿರ ಬರುತ್ತವೆ. ಆಕಾಶ ಒಂದು ಪಟ್ಟಿಯಾಗುತ್ತದೆ. ದಾರಿಯೆಂದರೆ ಈಗ ಹೊಳೆಯ ಪಾತ್ರವೇ, ಬೆಳ್ಳನೆಯ ಉರುಟುಕಲ್ಲುಗಳ ರಾಶಿ. ಒಂದು ಫಲಕ ಎದುರಾಗುತ್ತದೆ: ಕಲ್ಲು ಬೀಳುವ ಜಾಗ, ನಿಲ್ಲದೆ ಬೇಗ ದಾಟಿ. ಬೇಗ ಹೇಗೆ ದಾಟುವುದು? ಕಾಲಡಿಯ ಕಲ್ಲು ಅಲುಗುತ್ತದೆ, ಮಂಡಿ ನಡುಗುತ್ತಿದೆ.

ಕಿವಿಗೊಡಿ. ಎಲ್ಲೋ ಮೇಲೆ ಟಕ್ ಎಂಬ ಸದ್ದು. ಆಮೇಲೆ ಟಕ್, ಟಕ್, ಟಕಟಕ. ನೀವು ತಲೆ ಎತ್ತುತ್ತೀರಿ. ಏನೂ ಕಾಣುವುದಿಲ್ಲ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಓಡುವುದೋ, ನಿಲ್ಲುವುದೋ? ಅಕ್ಕ ನಾಲ್ಕು ಹೆಜ್ಜೆ ಮುಂದಿದ್ದಾಳೆ. "ಗೋಡೆಗೆ!" ಎಂದು ಕೂಗುತ್ತೀರಿ. ಇಬ್ಬರೂ ಬಂಡೆಗೆ ಬೆನ್ನು ಹಚ್ಚಿ, ಬ್ಯಾಗನ್ನು ತಲೆಯ ಮೇಲೆ ಹಿಡಿಯುತ್ತೀರಿ. ಮುಷ್ಟಿಗಾತ್ರದ ಕಲ್ಲೊಂದು ಆಚೆ ಬದಿಯಲ್ಲಿ ಬಿದ್ದು, ಸಿಡಿದು, ನೀರಿಗೆ ಹಾರುತ್ತದೆ. ಅದರ ಹಿಂದೆ ಒಂದು ಹಿಡಿ ಜಲ್ಲಿ. ಆಮೇಲೆ ಮೌನ. ನೂರಾರು ಅಡಿ ಮೇಲೆ ಕಂದು ಮೈಯೊಂದು ಬಂಡೆಯಿಂದ ಬಂಡೆಗೆ ನೆಗೆದು ಮರೆಯಾಗುತ್ತದೆ. ಮೇಕೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿದೆ. "ನಡಿ, ನಡಿ, ನಿಲ್ಬೇಡ" ಎಂದು ಅಕ್ಕ ಹೆಗಲಿಗೆ ತಟ್ಟಿದಾಗಲೇ ಕಾಲಿಗೆ ಜೀವ ಬರುವುದು.

ಬಾಗಿಲುಗಳು ಎಂದು ಕರೆಯುವ ಜಾಗ ಇದಾದ ಮೇಲೆ ಬರುತ್ತದೆ. ಎರಡೂ ಕಡೆ ಬಂಡೆ ಕಡಿದುಕೊಂಡು ಮೇಲೇರಿದೆ, ನಡುವಿನ ಸಂದು ಮೂರ್ನಾಲ್ಕು ಮೀಟರ್ ಮಾತ್ರ. ನೀರಿನ ಮೇಲೆ ಹಲಗೆಯ ಕಾಲುಸಂಕ. ಬಂಡೆಯ ಮೈಯಲ್ಲಿ ಅಲೆಅಲೆಯಾಗಿ ಪದರಗಳು ಮಡಚಿಕೊಂಡಿವೆ, ಅಂಗೈಯಿಟ್ಟರೆ ತಂಪು. ನಿಮಗಿಂತ ಎಷ್ಟೋ ಎತ್ತರದಲ್ಲಿ ಬಂಡೆಯ ಬಿರುಕಿಗೆ ಒಂದು ಮರದ ದಿಮ್ಮಿ ಸಿಕ್ಕಿಕೊಂಡಿದೆ. ಅದನ್ನು ಅಲ್ಲಿಗೆ ಒಯ್ದದ್ದು ಈ ಪಾದ ಮುಳುಗದ ಹೊಳೆಯೇ. ಮಳೆಗಾಲವೆಂದರೆ ಇಲ್ಲಿ ಚಳಿಗಾಲ. ಆಗ ಬಿಳಿ ಬೆಟ್ಟಗಳೆಂಬ ಈ ಸಾಲಿನಿಂದ ಕಮರಿಗೆ ಇಳಿದ ನೀರೆಲ್ಲ ಈ ಸಂದಿನಿಂದಲೇ ಕಡಲಿಗೆ ಹೋಗಬೇಕು. ಹಾಗಾಗಿಯೇ ಮೇಯಿಂದ ಅಕ್ಟೋಬರ್‌ವರೆಗೆ ಮಾತ್ರ ಕಮರಿ ತೆರೆದಿರುತ್ತದೆ, ಆ ತಿಂಗಳುಗಳಲ್ಲೂ ಮಳೆಯ ಸೂಚನೆ ಬಂದರೆ ಮುಚ್ಚಿಬಿಡುತ್ತಾರೆ. ದೂರದಿಂದ ಬಂದವರು ಆಗ ಬಾಗಿಲಲ್ಲಿ ಜಗಳವಾಡುವುದುಂಟು. ಈ ದಿಮ್ಮಿಯನ್ನು ಒಮ್ಮೆ ಕತ್ತೆತ್ತಿ ನೋಡಿದವರು ಜಗಳ ಆಡಲಾರರು.

ಉದ್ಯಾನದ ಗಡಿ ದಾಟಿದ ಮೇಲೆ ಕಡೆಯ ಮೂರು ಕಿಲೋಮೀಟರ್ ಬರೀ ಬಿಸಿಲು. ಹೊಳೆಯ ಬದಿಗೆ ಕೆಂಗಣಗಿಲೆ, ಹಳೆಯ ಆಗಿಯಾ ರುಮೇಲಿಯ ಪಾಳುಮನೆಗಳು, ಆಮೇಲೆ ಕಪ್ಪು ಉರುಟುಕಲ್ಲಿನ ದಡ. ಬೂಟು ಬಿಚ್ಚಿ. ಕಾಲುಚೀಲ ಚರ್ಮಕ್ಕೆ ಅಂಟಿದೆ. ಕಿರುಬೆರಳಿನ ಬದಿಯಲ್ಲಿ ಗುಳ್ಳೆ ಎದ್ದಿದೆ. ದಡದ ಕಲ್ಲು ಅಂಗಾಲು ಸುಡುತ್ತದೆ, ನೆಗೆನೆಗೆದು ನೀರಿಗೆ ಹೋಗುತ್ತೀರಿ. ಉಪ್ಪು ಗುಳ್ಳೆಗೆ ತಾಗಿದಾಗ ಬಾಯಿಂದ ಅವ್ವಾ ಎಂಬ ಸದ್ದು ಹೊರಡುತ್ತದೆ. ಅಕ್ಕ ಸೊಂಟದವರೆಗಿನ ನೀರಿನಲ್ಲಿ ನಿಂತು ನಗುತ್ತಿದ್ದಾಳೆ.

ಆಗಿಯಾ ರುಮೇಲಿಗೆ ರಸ್ತೆಯಿಲ್ಲ. ನಡೆದು ಬರಬೇಕು, ಇಲ್ಲವೇ ದೋಣಿಯಲ್ಲಿ. 1941ರ ಮೇನಲ್ಲಿ ಜರ್ಮನ್ ಪ್ಯಾರಾಶೂಟ್ ಪಡೆ ದ್ವೀಪದ ಉತ್ತರದಲ್ಲಿ ಇಳಿದಾಗ ಗ್ರೀಸ್‌ನ ದೊರೆ ಎರಡನೇ ಜಾರ್ಜ್ ಇದೇ ಬಿಳಿ ಬೆಟ್ಟಗಳನ್ನು ನಡೆದು ದಾಟಿ ಈ ದಡಕ್ಕೆ ಬಂದ. ರಾತ್ರಿ ಬ್ರಿಟಿಷ್ ಯುದ್ಧನೌಕೆ ಅವನನ್ನು ಹತ್ತಿಸಿಕೊಂಡಿತು. ಕಮರಿ ಮುಗಿಸಿದವರಲ್ಲಿ ಬಹುಪಾಲು ಜನ ಸಂಜೆಯ ದೋಣಿ ಹತ್ತುತ್ತಾರೆ. ನೀವು ಉಳಿಯುತ್ತೀರಿ. ದೋಣಿ ಹೋದ ಮೇಲೆ ಊರು ಅಲ್ಲಿಯವರದ್ದಾಗುತ್ತದೆ: ಬಲೆ ಬಿಡಿಸುವವರು, ಗಿಡಕ್ಕೆ ನೀರು ಹಾಕುವವರು, ಬೆಕ್ಕು.

ಮರುದಿನ ಪೂರ್ವಕ್ಕೆ. ಕಡಲಂಚಿನ ಇ4 ಕಾಲುದಾರಿ ಹಿಡಿದರೆ ಲೂಟ್ರೊ ಊರಿಗೆ ಐದಾರು ಗಂಟೆಯ ನಡಿಗೆ. ಯೂರೋಪಿನ ಉದ್ದಕ್ಕೂ ಸಾಗಿ ಬರುವ ದಾರಿ ಇದು; ಇಲ್ಲಿ ಕಂಬ ಬಂಡೆಗಳ ಮೇಲೆ ಹಳದಿ-ಕಪ್ಪು ಗುರುತುಗಳಾಗಿ ಕಾಣುತ್ತದೆ. ಎಡಕ್ಕೆ ಬೆಟ್ಟ, ಬಲಕ್ಕೆ ಕಡಲು, ನಡುವೆ ಪೈನ್ ಮರದ ನೆರಳು. ಒಂದು ಗಂಟೆಗೂ ತುಸು ಮೇಲೆ ನಡೆದರೆ ದಡದಲ್ಲೇ ಆಗಿಯೊಸ್ ಪಾವ್ಲೊಸ್ ಚರ್ಚು. ಸಾವಿರ ವರ್ಷದಷ್ಟು ಹಳೆಯದು, ಕಡಲದಂಡೆಯ ಕಲ್ಲಿನಲ್ಲೇ ಕಟ್ಟಿದ ಪುಟ್ಟ ಗುಮ್ಮಟ. ಇದರ ಬುಡದಲ್ಲಿ ಉರುಟುಕಲ್ಲುಗಳ ಸಂದಿಯಿಂದ ಸಿಹಿನೀರು ಒಸರಿ ಕಡಲಿಗೆ ಸೇರುತ್ತದೆ. ಸಂತ ಪೌಲ ಇಲ್ಲಿ ಜನರಿಗೆ ದೀಕ್ಷಾಸ್ನಾನ ಮಾಡಿಸಿದನೆಂದು ಊರಿನವರು ನಂಬುತ್ತಾರೆ.

ಚರ್ಚಿನ ಮೆಟ್ಟಿಲ ಮೇಲೆ ಕೂತಾಗ ಗಾಳಿ ತಿರುಗುತ್ತದೆ. ಇಲ್ಲಿಯವರೆಗೆ ಬೆನ್ನಿಗೆ ಬೀಸುತ್ತಿದ್ದದ್ದು ಈಗ ಕಡಲಿನ ಕಡೆಯಿಂದ, ದಕ್ಷಿಣದಿಂದ. ಕಡಲ ಗಾಳಿ ತಂಪಿರಬೇಕಲ್ಲ? ಇದು ಉರಿಯುವ ಒಲೆಯ ಬಾಯಿಂದ ಬಂದ ಝಳದ ಹಾಗೆ ಮುಖಕ್ಕೆ ಹೊಡೆಯುತ್ತದೆ. ದಿಗಂತ ಮಾಸಿದ ಹಳದಿಗೆ ತಿರುಗಿದೆ. ಕಡಲಿನ ಆಚೆ ದಡ ಲಿಬಿಯಾ, ಅದರ ಹಿಂದೆ ಸಹಾರಾ. ವಸಂತದಲ್ಲಿ ಅಲ್ಲಿಯ ಧೂಳು ಇಲ್ಲಿಯವರೆಗೆ ಹಾರಿಬರುತ್ತದೆ.

ಚರ್ಚು ದಾಟಿ ಸ್ವಲ್ಪ ಹೊತ್ತಿಗೆ ದಾರಿ ಕವಲೊಡೆಯುತ್ತದೆ. ಎಡಗಡೆಯದು ಆಗಿಯೊಸ್ ಇಯೋನಿಸ್ ಹಳ್ಳಿಗೆ ಬೆಟ್ಟ ಹತ್ತುತ್ತದೆ, ನೇರ ಹೋಗುವುದು ಲೂಟ್ರೊಗೆ. ನೇರ ನಡೆಯುತ್ತೀರಿ. ಮರಗಳು ಹಿಂದೆ ಉಳಿಯುತ್ತವೆ. ಈಗ ಬರೀ ಇಳಿಜಾರು ಗುಡ್ಡದ ಮೈ, ಅದರಲ್ಲಿ ಎರಡು ಅಡಿ ಅಗಲದ ಗೀರು. ಬಲಗಾಲಿನ ಆಚೆ ಜಲ್ಲಿ, ಜಲ್ಲಿಯ ಆಚೆ ಗಾಳಿ, ತುಂಬ ಕೆಳಗೆ ಹಸಿರುನೀಲಿ ನೀರು. ಬಿಸಿಯಾದ ಥೈಮ್ ಗಿಡದ ಘಾಟು, ಅದರ ನೇರಳೆ ಹೂವಿನ ಮೇಲೆ ಜೇನ್ನೊಣದ ಸದ್ದು. ಮೇಲಿನಿಂದ ಬಿಸಿಲು, ಕೆಳಗಿನಿಂದ ಬಂಡೆಯ ಕಾವು, ಬಲಗಡೆಯಿಂದ ಆ ಗಾಳಿ. ಬೆವರು ಹುಟ್ಟಿದಲ್ಲೇ ಆರಿ ತುಟಿಯ ಮೇಲೆ ಉಪ್ಪಾಗುತ್ತಿದೆ.

ಹಿಂದಿನಿಂದ ಬರುತ್ತಿದ್ದ ಊರುಗೋಲಿನ ಟಕ್ ಟಕ್ ನಿಂತಿದೆ.

ತಿರುಗಿ ನೋಡುತ್ತೀರಿ. ಅಕ್ಕ ನಿಂತಿದ್ದಾಳೆ, ಗೋಲಿನ ಮೇಲೆ ಎರಡೂ ಕೈಯಿಟ್ಟು. "ಒಂದೈದು ನಿಮಿಷ" ಎನ್ನುತ್ತಾಳೆ. ಮಾತು ತುಸು ತೊದಲಿತೇ? ಕೈ ಹಿಡಿದರೆ ಚರ್ಮ ತಣ್ಣಗೆ, ಜಿಗುಟಾಗಿದೆ. ಮುಖ ಬಿಳಿಚಿದೆ. "ತಲೆ ಸಿಡೀತಿದೆ. ವಾಂತಿ ಬರೋ ಹಾಗಿದೆ." ಆ ಮಾತು ಮುಗಿಯುವ ಮೊದಲೇ ಅವಳ ಎಡಮಂಡಿ ಮಡಚುತ್ತದೆ. ಬ್ಯಾಗಿನ ಪಟ್ಟಿ ಹಿಡಿಯಿರಿ. ಗುಡ್ಡದ ಕಡೆ ಎಳೆಯಿರಿ. ಗುಡ್ಡದ ಕಡೆ! ನಿಮ್ಮ ಹಿಮ್ಮಡಿಯಿಂದ ಜಾರಿದ ಕಲ್ಲು ಅಂಚು ದಾಟುತ್ತದೆ. ಅದು ನೀರಿಗೆ ಬಿದ್ದ ಸದ್ದು ಕೇಳಿಸುವುದೇ ಇಲ್ಲ.

ಬಂಡೆಯೊಂದರ ಬುಡದಲ್ಲಿ ಒಬ್ಬರು ಮುದುಡಿ ಕೂರುವಷ್ಟು ನೆರಳಿದೆ. ಅವಳನ್ನು ಅಲ್ಲಿ ಕೂರಿಸಿ. ಬ್ಯಾಗು ತೆಗೆಯಿರಿ, ಬೂಟು ಸಡಿಲಿಸಿ, ಕಾಲನ್ನು ಬ್ಯಾಗಿನ ಮೇಲೆ ಎತ್ತಿಡಿ. ಶಾಲಿಗೆ ನೀರು ಹಾಕಿ ಕುತ್ತಿಗೆಗೆ, ಕಂಕುಳಿಗೆ. ಟೋಪಿಯಿಂದ ಗಾಳಿ ಬೀಸಿ. ಔಷಧಿ ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇದೆ. ಹಲ್ಲಿನಿಂದ ಹರಿದು ಬಾಟಲಿಗೆ ಸುರಿಯುತ್ತೀರಿ, ಅರ್ಧ ಪುಡಿಯನ್ನು ಗಾಳಿ ಒಯ್ಯುತ್ತದೆ. ಗುಟುಕು ಗುಟುಕಾಗಿ. ಒಟ್ಟಿಗೆ ಕುಡಿದರೆ ವಾಂತಿಯಾಗುತ್ತದೆ.

"ಅಕ್ಕ, ಇವತ್ತು ಯಾವ ವಾರ?"

"ಗುರುವಾರ. ನನ್ನ ತಲೆ ಸರಿಯಾಗೇ ಇದೆ, ಪರೀಕ್ಷೆ ಮಾಡ್ಬೇಡ."

ಆ ಉತ್ತರಕ್ಕೆ ನಿಮ್ಮ ಎದೆ ಹಗುರಾಗುತ್ತದೆ. ಮೈ ತಣ್ಣಗಿದೆ, ನೆನಪು ನೆಟ್ಟಗಿದೆ. ಬಿಸಿಲಿನ ಬಳಲಿಕೆ ಇದು, ಇನ್ನೂ ಬಿಸಿಲಾಘಾತವಲ್ಲ. ಮೈ ಕೆಂಡವಾಗಿ, ಮಾತು ಅಡ್ಡಾದಿಡ್ಡಿಯಾದರೆ ಜೀವಕ್ಕೇ ಅಪಾಯ. ಎರಡರ ನಡುವಿನ ಅಂತರ ಈ ಬಿಸಿಲಿನಲ್ಲಿ ಹೆಚ್ಚೇನಲ್ಲ.

ಈಗ ನೀವೇ ತೀರ್ಮಾನಿಸಬೇಕು. ಮುಂದೆ ಮಾರ್ಮರಾ ದಡ ಇನ್ನೂ ಎರಡು ಗಂಟೆ, ಲೂಟ್ರೊ ಅದರಾಚೆ. ಹಿಂದೆ ಪಾವ್ಲೊಸ್ ಚರ್ಚು, ಮುಕ್ಕಾಲು ಗಂಟೆ. ಉಳಿದಿರುವುದು ಒಂದೂವರೆ ಬಾಟಲಿ. ಕೋಣೆ ಕಾದಿರಿಸಿರುವುದು ಲೂಟ್ರೊದಲ್ಲಿ. ನಡೆದ ಪ್ರತಿ ಹೆಜ್ಜೆಯೂ ಮುಂದಕ್ಕೇ ಎಳೆಯುತ್ತದೆ, ಇಷ್ಟು ಬಂದೆವಲ್ಲ ಎನ್ನುತ್ತದೆ. ಅಕ್ಕನೂ ಅದನ್ನೇ ಹೇಳುತ್ತಾಳೆ: "ನಿಧಾನವಾಗಿ ಮುಂದಕ್ಕೇ ಹೋಗೋಣ."

ನೀವು ಹೋಗಬೇಕೆಂದಿರುವ ಲೂಟ್ರೊ ಹಿಂದೆ ಫೀನಿಕ್ಸ್ ಎಂಬ ಬಂದರು. ಕೈದಿಯಾಗಿ ರೋಮಿಗೆ ಹೋಗುತ್ತಿದ್ದ ಪೌಲನ ಹಡಗು ತಲುಪಬೇಕೆಂದಿದ್ದುದೂ ಅಲ್ಲಿಗೇ. ಋತು ಮೀರಿದೆ, ಇದ್ದಲ್ಲೇ ಇರೋಣ ಎಂದು ಅವನು ಎಚ್ಚರಿಸಿದ. ಸ್ವಲ್ಪ ದೂರ ತಾನೇ, ಫೀನಿಕ್ಸ್ ಮುಟ್ಟಿಬಿಡೋಣ ಎಂದು ಉಳಿದವರು ಲಂಗರು ಎತ್ತಿದರು. ಬೆಟ್ಟದಿಂದ ನುಗ್ಗಿದ ಗಾಳಿ ಹಡಗನ್ನು ಎಳೆದೊಯ್ದು ಮಾಲ್ಟಾದ ದಡದಲ್ಲಿ ಒಡೆಯಿತು. ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಈ ಕತೆಯಿದೆ. ಬಂಡೆಯ ನೆರಳಿನಲ್ಲಿ ಕೂತು, ಮಾಸಿದ ಕಡಲನ್ನು ನೋಡುತ್ತ, ಆ ನಾವಿಕರ ಆಸೆ ನಿಮ್ಮ ಕಾಲಿನಲ್ಲೇ ಇರುವುದು ನಿಮಗೆ ತಿಳಿಯುತ್ತದೆ.

"ಇಲ್ಲ ಅಕ್ಕ. ಹಿಂದಕ್ಕೆ."

ಅವಳು ನಿಮ್ಮ ಮುಖವನ್ನೇ ನೋಡುತ್ತಾಳೆ. ಆಮೇಲೆ ಕೈ ಚಾಚುತ್ತಾಳೆ.

ತಲೆಸುತ್ತು ಇಳಿಯುವವರೆಗೆ ಕಾಯುತ್ತೀರಿ, ನಂತರ ಎರಡೂ ಬ್ಯಾಗು ನಿಮಗೆ, ಒಂದು ಎದೆಗೆ, ಒಂದು ಬೆನ್ನಿಗೆ. ಪಾದ ಕಾಣುವುದಿಲ್ಲ, ಗೋಲಿನಿಂದ ತಡವಿ ಹೆಜ್ಜೆಯಿಡುತ್ತೀರಿ. ಐವತ್ತು ಹೆಜ್ಜೆ, ನಿಲುಗಡೆ, ಗುಟುಕು ನೀರು. ಮತ್ತೆ ಐವತ್ತು. ಹಳದಿ-ಕಪ್ಪು ಗುರುತು. ಮತ್ತೆ ಐವತ್ತು. ಮೊದಲ ಪೈನ್ ಮರದ ನೆರಳು ಭುಜದ ಮೇಲೆ ಬಿದ್ದಾಗ ಇಬ್ಬರೂ ಮಾತಿಲ್ಲದೆ ಕಾಂಡ ಹಿಡಿದು ನಿಲ್ಲುತ್ತೀರಿ.

ಚರ್ಚಿನ ಕೆಳಗೆ, ಸಿಹಿನೀರು ಬೆರೆಯುವಲ್ಲಿ, ಕಡಲು ಮೈ ನಡುಗುವಷ್ಟು ತಣ್ಣಗಿದೆ. ಅಕ್ಕ ಬಟ್ಟೆಯ ಸಮೇತ ದಡದ ನೀರಿನಲ್ಲಿ ಕೂತುಬಿಡುತ್ತಾಳೆ. ಅವಳ ತುಟಿಗೆ ಬಣ್ಣ ಮರಳುವುದನ್ನು ನೀವು ಪಕ್ಕದಲ್ಲೇ ಕೂತು ನೋಡುತ್ತೀರಿ. ಸಂಜೆಗೆ ಕಾವು ಇಳಿದ ಮೇಲೆ ಆಗಿಯಾ ರುಮೇಲಿಗೆ ನಡೆದು ದೋಣಿ ಹತ್ತಬೇಕು. ದೋಣಿ ಇದೇ ಗುಡ್ಡದ ಬುಡದಲ್ಲಿ ಹಾದು ಲೂಟ್ರೊಗೆ ಹೋಗುತ್ತದೆ.

ಹೋಗುತ್ತದೆ ಕೂಡ. ಕಟಕಟೆಗೆ ಒರಗಿ ಅಕ್ಕ ನೀವು ಕೂತಿದ್ದ ಬಂಡೆ ಯಾವುದೆಂದು ಹುಡುಕುತ್ತಾಳೆ, ಸಿಗುವುದಿಲ್ಲ. ಲೂಟ್ರೊದ ಬಿಳಿ ಮನೆಗಳು ಕಂಡಾಗ ಅವಳು ಕೇಳುವುದು ಬೇರೆಯೇ: "ಈ ಕಡೆಯಿಂದ ಮಾರ್ಮರಾ ಎಷ್ಟು ದೂರ?"

"ಒಂದೂವರೆ ಗಂಟೆ ಇರಬಹುದು. ಆದರೆ ನಾಳೆ ಬೇಡ."

"ನಾಳೆ ಬೇಡ. ನಾಡಿದ್ದು ಗಾಳಿ ನೋಡ್ಕೊಂಡು, ಬೆಳಿಗ್ಗೆ ಐದಕ್ಕೆ ಹೊರಟು ಒಂಬತ್ತರೊಳಗೆ ವಾಪಸ್. ತಲೆಗೆ ಮೂರು ಬಾಟಲಿ ನೀರು. ಆ ಪೊಟ್ಟಣ ಇನ್ನೆಷ್ಟಿವೆ ನೋಡು."

ನೀವು ಔಷಧಿ ಚೀಲ ಬಿಚ್ಚಿ ಎಣಿಸುತ್ತೀರಿ.